ಓರಗೆಯವರ ಸಿನಿಮಾ

ನಮ್ಮಮ್ಮನಿಗೆ ಎಂಬತ್ತೆರಡು. ಹೋದ ಚಳಿಗಾಲದಲ್ಲಿ, ಬಂಗಾರಪೇಟೆಯ ನಮ್ಮ ಮನೆಯ ನಡುಮನೆಯಲ್ಲಿ ಕೂತು, ಮೊಮ್ಮಗಳ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿಕೊಂಡು, ಅವರು ಒಂದು ಕೊರಿಯಾ ಧಾರಾವಾಹಿಯನ್ನು ಮೊದಲಿಂದ ಕೊನೆಯವರೆಗೆ ನೋಡಿದರು. ಹೆಸರು ‘ರಿಪ್ಲೈ 1988’. ಇಪ್ಪತ್ತು ಕಂತು, ಒಂದೊಂದೂ ನಮ್ಮ ಕಾಲದ ಅರ್ಧ ಸಿನಿಮಾದಷ್ಟು ಉದ್ದ. ಮಾತು ಅವರಿಗೆ ಅರ್ಥವಾಗುವುದಿಲ್ಲ. ಕೆಳಗೆ ಓಡುವ ಇಂಗ್ಲಿಷನ್ನು ನನ್ನ ತಂಗಿಯ ಮಗಳು ಅರ್ಧ ಕನ್ನಡ, ಅರ್ಧ ತಮಿಳಲ್ಲಿ ಹೇಳುತ್ತಾ ಹೋಗಬೇಕು.

ಮೊದಲ ಕಂತಿನಲ್ಲೇ ಒಂದು ಸಂಜೆ ಬರುತ್ತದೆ. ಸೋಲ್ ನಗರದ ಸ್ಸಂಗ್‌ಮುನ್-ದೊಂಗ್ ಎಂಬ ಕಡೆ ಒಂದು ಓಣಿ. ಒಬ್ಬ ತಾಯಿ ಮಾಡಿದ ಅಡುಗೆಯಲ್ಲಿ ಒಂದು ಬಟ್ಟಲು ತುಂಬಿ ಮಕ್ಕಳ ಕೈಲಿ ಪಕ್ಕದ ಮನೆಗೆ ಕಳಿಸುತ್ತಾಳೆ. ಆ ಮನೆಯಾಕೆ ಬೇರೇನೋ ಕೊಟ್ಟು ಕಳಿಸುತ್ತಾಳೆ. ಹೀಗೇ ಮಕ್ಕಳು ಓಣಿಯುದ್ದಕ್ಕೂ ಓಡಾಡಿ ಓಡಾಡಿ, ಕೊನೆಗೆ ಎಲ್ಲರ ಮನೆಯ ಊಟದ ಮಣೆಯ ಮೇಲೂ ಎಲ್ಲರ ಮನೆಯ ಅಡುಗೆ. ಅಮ್ಮ ಫೋನಿನ ಕಡೆ ಬಗ್ಗಿ, “ಇದು ನಮ್ಮ ಲೈನು ಕಣೇ” ಅಂದರು.

ಲೈನು ಅಂದರೆ ನಮ್ಮ ಕೆಜಿಎಫ್‌ನ, ಅಂದರೆ ಕೋಲಾರದ ಚಿನ್ನದ ಗಣಿಯ, ಕೆಲಸಗಾರರ ಸಾಲುಮನೆ. ಲಂಡನ್ನಿನ ಜಾನ್ ಟೇಲರ್ ಕಂಪನಿ 1880ರಲ್ಲಿ ಇಲ್ಲಿಗೆ ಬಂದ ಮೇಲೆ ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ, ಮೈಸೂರು ಮೈನ್ ಎಂದು ಒಂದೊಂದೇ ಗಣಿಯ ಸುತ್ತ ಈ ಲೈನುಗಳು ಎದ್ದವು. ಮೊದಲು ಬಿದಿರು ತಟ್ಟಿಯ ಗುಡಿಸಲು, ಆಮೇಲೆ ಇಟ್ಟಿಗೆಯವು. ಉತ್ತರ ಆರ್ಕಾಟಿನಿಂದ, ಚಿತ್ತೂರಿನ ಕಡೆಯಿಂದ ಜನ ಬಂದರು. ಹೆಚ್ಚಿನವರು ದಲಿತರು, ಊರಿನ ಗೌಡರ ಹೊಲ ಬಿಟ್ಟು ನೆಲದೊಳಗೆ ಇಳಿದವರು. ನಮ್ಮಂಥ ಕನ್ನಡದವರು ಕಡಿಮೆ. ಬೌರಿಂಗ್ ಎಂಬ ಕಮಿಷನರ ಹೆಸರು ಹೊತ್ತ ಬೌರಿಂಗ್‌ಪೇಟೆ (ಈಗಿನ ನಮ್ಮ ಬಂಗಾರಪೇಟೆ) ಜಂಕ್ಷನ್ನಿನಿಂದ ಮಾರಿಕುಪ್ಪಂಗೆ 1894ರಲ್ಲಿ ರೈಲು ಹಾಕಿದರು. 1902ರಲ್ಲಿ ಶಿವನಸಮುದ್ರದ ಕರೆಂಟು ಬಂತು. ಬೆಂಗಳೂರಿನ ಬೀದಿಗಿಂತ ಮೊದಲು ಗಣಿಗೆ. ಲೈನಿನ ಮನೆಗಳೊಳಗೆ ಅದು ಬಂದದ್ದು ಯಾವಾಗಲೋ.

ಅಪ್ಪ ಚಾಂಪಿಯನ್ ರೀಫ್‌ನಲ್ಲಿ ಟಿಂಬರ್ ಕೆಲಸ ಮಾಡುತ್ತಿದ್ದರು. ಬಂಡೆ ಕುಸಿಯದಂತೆ ಮರದ ದಿಮ್ಮಿ ಕೊಟ್ಟು ನಿಲ್ಲಿಸುವ ಕೆಲಸ. ಆ ಗಣಿ ಮೂರು ಕಿಲೋಮೀಟರಿಗಿಂತ ಆಳ. ತಳದಲ್ಲಿ ಬಂಡೆಯ ಕಾವೇ ಅರವತ್ತು ಡಿಗ್ರಿ ಮೀರುತ್ತಿತ್ತು. ಅಪ್ಪನ ಮಾತಿನಲ್ಲಿ ನಮ್ಮ ಹೆಸರಿಗಿಂತ ಹೆಚ್ಚು ಸಲ ಬರುತ್ತಿದ್ದದ್ದು “ನನ್ನ ಜೊತೆ” ಅನ್ನುವುದು. ಜೊತೆ ಅಂದರೆ ಅಮ್ಮ ಅಲ್ಲ, ಶಿಫ್ಟಿನಲ್ಲಿ ಪಕ್ಕ ನಿಂತು ದಿಮ್ಮಿಯ ಇನ್ನೊಂದು ತುದಿ ಹಿಡಿಯುವ ಮನುಷ್ಯ. ಅವನು ಕೈ ಬಿಟ್ಟರೆ ಇವರ ಕಾಲು ಹೋಗುತ್ತದೆ. ಅವನು ತೆಲುಗಿನವನು, ಅಪ್ಪ ಕನ್ನಡದವರು, ಇಬ್ಬರೂ ಕೆಳಗೆ ಆಡುತ್ತಿದ್ದದ್ದು ತಮಿಳು. 1930ರಲ್ಲಿ ಎಲ್ಲರೂ ಬೆರಳಚ್ಚು ಕೊಡಬೇಕೆಂದು ಕಂಪನಿ ನಿಯಮ ತಂದಾಗ ಗಣಿಗಳು ಮುಷ್ಕರ ಹೂಡಿ ನಿಂತವಲ್ಲ, ಅದನ್ನು ಕೂಲಿಯ ಇತಿಹಾಸ ಬರೆಯುವವರು ಸಂಘಟನೆಯ ಲೆಕ್ಕದಲ್ಲಿ ಬರೆಯುತ್ತಾರೆ. ನನಗೆ ಕಾಣುವುದು ಆ ಜೊತೆ. ದಿಮ್ಮಿಯ ಇನ್ನೊಂದು ತುದಿ ಹಿಡಿದವನು ಬರುವುದಿಲ್ಲ ಅಂದರೆ ನೀನೊಬ್ಬನೇ ಇಳಿದು ಮಾಡುವುದಾದರೂ ಏನು?

ಇಂಥ ಊರಿಗೆ ಪ್ರೇಮದ ಸಿನಿಮಾ ಬಂದರೆ ನೋಡುತ್ತಿರಲಿಲ್ಲವೆಂದಲ್ಲ. ಎಲ್ಲವನ್ನೂ ನೋಡುತ್ತಿದ್ದರು. ಆದರೆ ಮೂರನೇ ಸಲ ನೋಡುತ್ತಿದ್ದದ್ದು ಗೆಳೆಯರ ಸಿನಿಮಾವನ್ನು. ಅಪ್ಪನಿಗೆ ಹಿಂದಿ ಬರದಿದ್ದರೂ 1964ರ ‘ದೋಸ್ತಿ’ಯನ್ನು ಸಾಯುವ ತನಕ ನೆನೆದರು. ಒಬ್ಬ ಕುರುಡ ಹುಡುಗ, ಒಬ್ಬ ಕುಂಟ ಹುಡುಗ, ಇಬ್ಬರೂ ಹೊಸಮುಖ, ನಾಯಕಿಯೇ ಇಲ್ಲ. ಆಮೇಲೆ 1991ರ ದೀಪಾವಳಿಗೆ ಮಣಿರತ್ನಂ ಅವರ ‘ದಳಪತಿ’ ಬಂತು. ರಾಬರ್ಟ್‌ಸನ್‌ಪೇಟೆಯ ಟಾಕೀಸಿನ ಮುಂದೆ ನಾನು ಕಂಡ ನೂಕುನುಗ್ಗಲು ಅದಕ್ಕೆ ಮೊದಲೂ ಇಲ್ಲ, ಆಮೇಲೂ ಇಲ್ಲ. ರಜನಿಕಾಂತ್ ಕರ್ಣ, ಮಮ್ಮುಟ್ಟಿ ದುರ್ಯೋಧನ. ಕರ್ಣ ದುರ್ಯೋಧನರ ಈ ಸಲಿಗೆ ವ್ಯಾಸರಿಗಿಂತ ನಮ್ಮ ದಕ್ಷಿಣದವರಿಗೆ ಹತ್ತಿರದ್ದು. ಭಾನುಮತಿಯ ಮುತ್ತಿನ ಹಾರ ಹರಿದ ಪ್ರಸಂಗ ಸಂಸ್ಕೃತದ ಮೂಲದಲ್ಲಿಲ್ಲ, ಹತ್ತನೇ ಶತಮಾನದ ನಮ್ಮ ಪಂಪನಲ್ಲಿದೆ, ತಮಿಳಿನ ವಿಲ್ಲಿಪುತ್ತೂರರಲ್ಲಿದೆ. ಶಾಲೆಯಲ್ಲಿ ಪಂಪನನ್ನು ಪಾಠ ಮಾಡುವಾಗ ನಾನು ‘ದಳಪತಿ’ ಎಂದು ಶುರುಮಾಡಿದರೆ ಹಿಂದಿನ ಬೆಂಚಿನವರೂ ತಲೆಯೆತ್ತುತ್ತಿದ್ದರು. ರಜನಿಯೇ ಅಲ್ಲವೇ, ಬೆಂಗಳೂರಿನ ಬಸ್ಸಿನ ಕಂಡಕ್ಟರನಾಗಿದ್ದಾಗ ಜೊತೆಯ ಡ್ರೈವರ್ ರಾಜ್ ಬಹದ್ದೂರ್ ಬೆನ್ನು ತಟ್ಟಿ, ದುಡ್ಡು ಕೊಟ್ಟು ಮದರಾಸಿಗೆ ಕಳಿಸಿದ್ದು. ನಮ್ಮ ಲೈನಿನಲ್ಲಿ ಆ ಡ್ರೈವರಿಗೂ ಒಂದು ಸಣ್ಣ ಅಭಿಮಾನಿ ಬಳಗವಿತ್ತು ಅಂದರೆ ನಂಬಿ.

ತಮಿಳಿನಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ ಅದೇ ಗೆಳೆತನ ನೋಡುವ ಭಾಗ್ಯವೂ ನಮ್ಮದೇ. ‘ನಟ್ಪುಕ್ಕಾಗ’ ಕನ್ನಡದಲ್ಲಿ ವಿಷ್ಣುವರ್ಧನ್, ಅಂಬರೀಷರ ‘ದಿಗ್ಗಜರು’ ಆಯಿತು. 2009ರ ‘ನಾಡೋಡಿಗಳ್’ 2011ರಲ್ಲಿ ಪುನೀತರ ‘ಹುಡುಗರು’ ಆಯಿತು. ಡಬ್ಬಿಂಗ್ ಬೇಡವೆಂದ ಚಿತ್ರರಂಗ ರೀಮೇಕಿನ ದಾರಿ ಹಿಡಿದಿತ್ತು. ಎರಡೂ ಭಾಷೆ ಬರುವ ನಾವು ಎರಡಕ್ಕೂ ಟಿಕೆಟ್ ಕೊಂಡೆವು.

ಈ ಸಿನಿಮಾಗಳ ಬಗ್ಗೆ ನನಗೊಂದು ಗೊಣಗಾಟ ಮೊದಲಿಂದ ಇದೆ. ಗೆಳೆಯರೆಲ್ಲ ಗಂಡಸರು. ‘ದಳಪತಿ’ಯಲ್ಲಿ ಶೋಭನಾ ಪಾತ್ರವನ್ನು ಕಲೆಕ್ಟರನಿಗೆ ಮದುವೆ ಮಾಡಿ ಕಳಿಸುತ್ತಾರೆ, ಅವಳಿಗೊಬ್ಬ ಗೆಳತಿ ಇದ್ದಳೋ ಇಲ್ಲವೋ ಯಾರೂ ಕೇಳುವುದಿಲ್ಲ. ನಮ್ಮದೇ ಸೈನೈಡ್ ದಿಬ್ಬದ, ಅಂದರೆ ಗಣಿಯ ತ್ಯಾಜ್ಯ ಸುರಿದ ಗುಡ್ಡದ, ಮೇಲೆ ಚಿತ್ರೀಕರಿಸಿದ ಯಶ್ ಸಿನಿಮಾ 2018ರಲ್ಲಿ ನಮ್ಮ ಊರಿನ ಹೆಸರನ್ನು ದೇಶಕ್ಕೆಲ್ಲ ಹೇಳಿತು. ಅದರಲ್ಲೂ ಹುಡುಕಿದೆ. ತಾಯಿ ಇದ್ದಾಳೆ, ನಲ್ಲಿಯ ಹತ್ತಿರ ಜಗಳವಾಡುವ ನಾಲ್ಕು ಹೆಂಗಸರು ಇಲ್ಲ.

ನಲ್ಲಿ ಅಂದೆ. ಲೈನಿನ ಹೆಂಗಸರ ಬದುಕೆಲ್ಲ ಅಲ್ಲೇ ಇತ್ತು. ಬೇತಮಂಗಲದ ಕೆರೆಯಿಂದ ಬರುವ ನೀರಿಗೆ ಕೊಡ ಸಾಲಿಟ್ಟು ನಿಂತಾಗ ಅಮ್ಮ ಮತ್ತು ಎದುರು ಮನೆಯ ತಮಿಳಿನ ಅಕ್ಕ ಒಬ್ಬರ ಕೊಡ ಒಬ್ಬರು ಕಾಯುತ್ತಿದ್ದರು. ಇಬ್ಬರದ್ದೂ ಒಂದೇ ವಯಸ್ಸು, ಆದರೂ ಅಮ್ಮ ಅವರನ್ನು ‘ಅಕ್ಕ’ ಅಂದರು, ಅವರು ಅಮ್ಮನನ್ನು ‘ಕನ್ನಡದಮ್ಮ’ ಅಂದರು. ಕೆಳಗೆ ಬಂಡೆ ಸಿಡಿದರೆ, ಅದನ್ನು ನಮ್ಮಲ್ಲಿ ಎಲ್ಲರೂ ರಾಕ್‌ಬರ್ಸ್ಟ್ ಅಂತಲೇ ಅನ್ನುವುದು, ಮೇಲೆ ನಮ್ಮ ಅಡುಗೆಮನೆಯ ಪಾತ್ರೆ ಗಡಗಡ ಅನ್ನುತ್ತಿತ್ತು. ಆಗ ಹೆಂಗಸರು ಮೊದಲು ಬಾಗಿಲಿಗೆ ಬಂದು ಮಾಡುತ್ತಿದ್ದದ್ದು ಲೆಕ್ಕ: ಯಾರ ಗಂಡ ಯಾವ ಶಿಫ್ಟು. ಅಮ್ಮನಿಗೆ ಅಪ್ಪನ ಶಿಫ್ಟು ಮರೆತರೂ ಅಕ್ಕನ ಗಂಡನದು ಮರೆಯುತ್ತಿರಲಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಗಣಿಯ ಸಂಗು (ಸೈರನ್) ಊದಿದರೆ ಇಬ್ಬರೂ ಒಂದೇ ಓಟದಲ್ಲಿ ಶಾಫ್ಟಿನ ಗೇಟಿಗೆ. ಮಕ್ಕಳು ಯಾರ ಮನೆಯಲ್ಲಿ ಉಳಿದವೋ ಅಲ್ಲೇ ಉಂಡವು.

2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿತು. ಮರುವರ್ಷ ನಾವು ಲೈನು ಬಿಟ್ಟು ಬಂಗಾರಪೇಟೆಗೆ ಬಂದೆವು. ಅಕ್ಕನ ಮನೆಯವರು ಅಲ್ಲೇ ಉಳಿದರು.

ಗಣಿ ಮುಚ್ಚಿ ತಿಂಗಳಿಗೆ, ಆ ಮಾರ್ಚ್ 31ರಂದು, ಕೊರಿಯಾದಲ್ಲಿ ‘ಚಿಂಗು’ ಎಂಬ ಸಿನಿಮಾ ಬಿಡುಗಡೆಯಾಯಿತಂತೆ. ಎರಡಕ್ಕೂ ಸಂಬಂಧವೇನಿಲ್ಲ. ತಾರೀಕು ನೋಡಿದಾಗ ನನಗೆ ಸುಮ್ಮನೆ ಚುರುಕ್ಕೆಂದಿತು, ಅಷ್ಟೇ. ಚಿಂಗು ಅಂದರೆ ಗೆಳೆಯ. ಬೂಸಾನ್ ಬಂದರಿನ ನಾಲ್ಕು ಹುಡುಗರು ಒಟ್ಟಿಗೆ ಬೆಳೆದು, ಇಬ್ಬರು ಎದುರು ಬದುರು ರೌಡಿ ಗುಂಪು ಸೇರುವ ಕಥೆ. ನಿರ್ದೇಶಕ ಕ್ವಾಕ್ ಕ್ಯುಂಗ್-ತೇಕ್ ತನ್ನ ಗೆಳೆಯರ ಬದುಕಿನಿಂದಲೇ ಎತ್ತಿಕೊಂಡದ್ದು, ಬೂಸಾನಿನ ಒರಟು ಆಡುಮಾತಿನಲ್ಲೇ. ಎಂಬತ್ತು ಲಕ್ಷ ಜನ ನೋಡಿದರು. ಅದರ ಹಿಂದಿನ ವರ್ಷ ಪಾರ್ಕ್ ಚಾನ್-ವೂಕ್ ಅವರ ‘ಜೆಎಸ್ಎ’ ಬಂದಿತ್ತು. ಉತ್ತರ ದಕ್ಷಿಣ ಕೊರಿಯಾಗಳ ಗಡಿಗೆರೆಯ ಆಚೀಚೆ ಕಾವಲಿರುವ ಸೈನಿಕರು ರಾತ್ರಿ ಕದ್ದು ಸೇರಿ ಆಡಿಕೊಳ್ಳುವುದು. ಅದರಲ್ಲಿ ಉತ್ತರದ ಸಾರ್ಜೆಂಟ್ ಬಾಯ್ತುಂಬ ಚೋಕೋ ಪೈ ತುರುಕಿಕೊಂಡಿರುವಾಗ, ನಮ್ಮ ಕಡೆ ಬಂದುಬಿಡು, ಬೇಕಾದಷ್ಟು ತಿನ್ನಬಹುದು ಎಂದು ದಕ್ಷಿಣದವನು ಅನ್ನುತ್ತಾನೆ. ಅವನು ತಿನ್ನುತ್ತಿದ್ದದ್ದನ್ನು ಕೈಗೆ ಉಗುಳಿ, ನಮ್ಮ ದೇಶವೇ ಒಂದು ದಿನ ಇದಕ್ಕಿಂತ ಒಳ್ಳೆಯದನ್ನು ಮಾಡುತ್ತದೆಂದು ಬಿಗಿಯಾಗಿ ಹೇಳಿ, ಮತ್ತೆ ಬಾಯಿಗೆ ಹಾಕಿಕೊಳ್ಳುತ್ತಾನೆ. ಚೋಕೋ ಪೈ ಈಗ ನಮ್ಮ ಸ್ಟೇಷನ್ ರಸ್ತೆಯ ಅಂಗಡಿಯಲ್ಲೂ ಇದೆ, ಮದರಾಸಿನ ಕಡೆ ತಯಾರಾಗಿ ಬರುತ್ತದೆ.

‘ಚಿಂಗು’ ಪದದಲ್ಲಿ ಒಂದು ಸೂಕ್ಷ್ಮವಿದೆ. ಒಂದೇ ವಯಸ್ಸಿನವರನ್ನು ಮಾತ್ರ ಹಾಗೆ ಕರೆಯಬಹುದು. ಒಂದು ವರ್ಷ ದೊಡ್ಡವರಾದರೂ ಅಣ್ಣ, ಅಕ್ಕ ಅನ್ನಲೇಬೇಕು. ತಂಗಿಯ ಮಗಳು ಇದನ್ನು ದೊಡ್ಡ ಸೋಜಿಗವೆಂಬಂತೆ ಹೇಳಿದಳು. ನಮ್ಮಲ್ಲೂ ಅದಕ್ಕೆ ಪದವಿದೆ ಕಣೇ, ಓರಗೆಯವರು ಅಂತ, ಅಂದೆ. “ಹಾಗಂದ್ರೆ ಏನು ದೊಡ್ಡಮ್ಮಾ?” ಅಂದಳು. ಮೂವತ್ತು ವರ್ಷ ಕನ್ನಡ ಪಾಠ ಮಾಡಿ ನಿವೃತ್ತಳಾದವಳ ಮನೆಯ ಮಾತಿದು. ಕೊರಿಯಾದಲ್ಲಿ ಅಪ್ಪನಿಗೆ ‘ಅಪ್ಪ’ ಎಂದೇ ಅನ್ನುತ್ತಾರೆ. 1905ರಲ್ಲೇ ಹಲ್ಬರ್ಟ್ ಎಂಬ ಅಮೆರಿಕದ ಪಾದ್ರಿ ಕೊರಿಯನ್ನಿಗೂ ದ್ರಾವಿಡ ಭಾಷೆಗಳಿಗೂ ಹೋಲಿಕೆ ಹುಡುಕಿ ಒಂದು ಪುಸ್ತಕವನ್ನೇ ಬರೆದಿದ್ದ. ಭಾಷಾಶಾಸ್ತ್ರದವರು ಒಪ್ಪುವುದಿಲ್ಲ. ಅಮ್ಮ ಒಪ್ಪಿಬಿಟ್ಟಿದ್ದಾರೆ.

ಕೊರಿಯಾದ ಈ ಸಿನಿಮಾ, ಧಾರಾವಾಹಿಗಳು ನಮ್ಮ ಕಡೆಗೆ ಬಂದದ್ದು ತಮಿಳಿನ ದಾರಿಯಲ್ಲಿ. 2013ರಲ್ಲಿ ಶುರುವಾದ ‘ಪುದುಯುಗಂ’ ಚಾನೆಲ್ಲು ಕೊರಿಯಾ ಧಾರಾವಾಹಿಗಳಿಗೆ ತಮಿಳು ಮಾತಾಡಿಸಿತು. ಹೆಚ್ಚಿನವು ಪ್ರೇಮದವೇ. ಆಮೇಲೆ ಫೋನು ಬಂತು. ತಂಗಿಯ ಮಗಳು ದಿನಾ ಬೆಳಗಿನ ಕತ್ತಲಲ್ಲಿ ಬೆಂಗಳೂರಿಗೆ ರೈಲು ಹತ್ತುತ್ತಾಳೆ. ಗಣಿ ಮುಚ್ಚಿದ ಮೇಲೆ ಕೆಜಿಎಫ್ ಬದುಕಿರುವುದೇ ಆ ರೈಲುಗಳ ಮೇಲೆ. ಮಾರಿಕುಪ್ಪಂನಲ್ಲಿ ಹತ್ತುವವರು ದುಪಟ್ಟಾ, ಟವೆಲು ಹಾಸಿ ಬಂಗಾರಪೇಟೆಯವರಿಗೆ ಸೀಟು ಹಿಡಿಯುತ್ತಾರೆ. ವೈಟ್‌ಫೀಲ್ಡಿನಲ್ಲಿ ಇಳಿಯುವವಳು ನಿಂತವಳಿಗೆ ಕೊಟ್ಟು ಹೋಗುತ್ತಾಳೆ. ಇವಳದು ಐದು ಹುಡುಗಿಯರ ಗುಂಪು. ರಾತ್ರಿಯೇ ಫೋನಿಗೆ ಇಳಿಸಿಟ್ಟುಕೊಂಡು, ಟೇಕಲ್, ಮಾಲೂರು ದಾಟುವಾಗ ಒಂದೇ ಇಯರ್‌ಫೋನನ್ನು ಇಬ್ಬಿಬ್ಬರು ಹಂಚಿಕೊಂಡು ನೋಡಿದ್ದು ‘ಹಾಸ್ಪಿಟಲ್ ಪ್ಲೇಲಿಸ್ಟ್’. 1999ರಲ್ಲಿ ಒಟ್ಟಿಗೆ ಮೆಡಿಕಲ್ ಸೇರಿದ ಐವರು ನಲವತ್ತರ ಹೊತ್ತಿಗೆ ಒಂದೇ ಆಸ್ಪತ್ರೆಯಲ್ಲಿ ಡಾಕ್ಟರಾಗಿ, ಬಿಡುವಾದಾಗ ವಾದ್ಯ ಹಿಡಿದು ಕೂರುತ್ತಾರೆ. ಮಾಡಿದವರು ‘ರಿಪ್ಲೈ’ಯ ನಿರ್ದೇಶಕ ಶಿನ್ ವೊನ್-ಹೊ, ಲೇಖಕಿ ಲೀ ವೂ-ಜಂಗ್ ಅವರೇ. ಸಂಜೆ ಇಳಿದ ಮೇಲೆ ಐವರೂ ನಮ್ಮೂರಿನ ತಿಳಿನೀರಿನ ಪಾನಿಪೂರಿ ತಿಂದು, ಮೂಗು ಒರೆಸಿಕೊಳ್ಳುತ್ತಾ ಮನೆಗೆ ಬರುತ್ತಾರೆ.

ಅವಳು ನನಗೆ ತೋರಿಸಿದ್ದರಲ್ಲಿ ನನ್ನನ್ನು ಹಿಡಿದದ್ದು ಎರಡು. ಒಂದು, 2014ರ ‘ಓಡ್ ಟು ಮೈ ಫಾದರ್’. 1963ರಿಂದ 1977ರ ತನಕ ಕೊರಿಯಾದಿಂದ ಸುಮಾರು ಎಂಟು ಸಾವಿರ ಗಂಡಸರು ಪಶ್ಚಿಮ ಜರ್ಮನಿಯ ಕಲ್ಲಿದ್ದಲು ಗಣಿಗಳಿಗೆ ಹೋಗಿದ್ದರು. ಈ ಸಿನಿಮಾದ ದೊಕ್-ಸು ಮತ್ತು ಅವನ ಬಾಲ್ಯದ ಗೆಳೆಯ ದಾಲ್-ಗು ಅವರಲ್ಲಿಬ್ಬರು. ಗಣಿ ಕುಸಿದು ಇಬ್ಬರೂ ಒಳಗೆ ಸಿಕ್ಕಿಕೊಳ್ಳುತ್ತಾರೆ. ಆ ಭಾಗ ಬರುವಾಗ ಅಮ್ಮ ಎದ್ದು ಅಡುಗೆಮನೆಗೆ ಹೋದರು, ಮುಗಿಯಿತೆಂದು ಕೂಗಿ ಹೇಳಿದ ಮೇಲೇ ಬಂದರು. ಇನ್ನೊಂದು, 2011ರ ‘ಸನ್ನಿ’. ಏಳು ಹೆಂಗಸರು, ಶಾಲೆಯ ಗೆಳತಿಯರು. ಒಬ್ಬಳು ಸಾಯುವ ಮುಂಚೆ ಉಳಿದವರನ್ನು ಒಟ್ಟುಮಾಡಬೇಕು. ಕಥೆ ಅಷ್ಟೇ. ಹಳ್ಳಿಯ ಉಚ್ಚಾರದಿಂದ ನಗೆಪಾಟಲಾಗುವ ನಾ-ಮಿಯನ್ನು ಕಂಡಾಗ ಬೆಂಗಳೂರಿನ ಕಾಲೇಜಿನಲ್ಲಿ ನನ್ನ ತಮಿಳು ವಾಸನೆಯ ಕನ್ನಡಕ್ಕೆ ನಕ್ಕವರೆಲ್ಲ ನೆನಪಾದರು. ಎಪ್ಪತ್ತು ಲಕ್ಷಕ್ಕೂ ಹೆಚ್ಚು ಜನ ಟಿಕೆಟ್ ಕೊಂಡು ನೋಡಿದ ಸಿನಿಮಾ ಇದು. ಹೆಂಗಸರ ಗೆಳೆತನಕ್ಕೆ ಕಲೆಕ್ಷನ್ ಆಗುವುದಿಲ್ಲ ಅನ್ನುವವರು ಈ ಲೆಕ್ಕ ನೋಡಲಿ.

‘ರಿಪ್ಲೈ’ಯಲ್ಲೂ ಪ್ರೇಮ ಇಲ್ಲವೆಂದಲ್ಲ. ನಾಯಕಿ ಯಾರನ್ನು ಮದುವೆಯಾಗುತ್ತಾಳೆಂದು ರೈಲಿನ ಹುಡುಗಿಯರು ವಾರಗಟ್ಟಲೆ ಜಗಳವಾಡಿದರು. ಅಮ್ಮನಿಗೆ ಅದು ಬೇಕಿರಲಿಲ್ಲ. ಅವರು ಕಾಯುತ್ತಿದ್ದದ್ದು ಓಣಿಯ ಮೂರು ತಾಯಂದಿರು ಮರದ ಜಗಲಿಯ ಮೇಲೆ ಕೂತು ಸೊಪ್ಪು ಸೋಸುತ್ತಾ ಗಂಡಂದಿರನ್ನು ಬಯ್ಯುವ ಹೊತ್ತಿಗೆ. ಕೊನೆಯ ಕಂತಿನಲ್ಲಿ ಎಲ್ಲರೂ ಮನೆ ಖಾಲಿ ಮಾಡಿ, ಓಣಿ ಪಾಳುಬಿದ್ದು ನಿಲ್ಲುತ್ತದೆ. ಫೋನು ಆರಿದ ಮೇಲೂ ಅಮ್ಮ ಅಲ್ಲೇ ಕೂತಿದ್ದರು. ಆಮೇಲೆ, “ಆ ಬಟ್ಟಲು ಎಲ್ಲಿ?” ಅಂದರು.

ಲೈನು ಬಿಟ್ಟ ದಿನ ಅಕ್ಕ ಚಿತ್ರಾನ್ನ ಹಾಕಿ ಕೊಟ್ಟ ಸ್ಟೀಲ್ ಬಟ್ಟಲು ಅದು. ಅಂಚಿನಲ್ಲಿ ಚುಕ್ಕಿಚುಕ್ಕಿಯಾಗಿ ತಮಿಳಲ್ಲಿ ಅವರ ಹೆಸರು ಕೊರೆದಿದೆ. ಖಾಲಿ ಬಟ್ಟಲು ವಾಪಸು ಕೊಡಬಾರದು, ಏನಾದರೂ ಮಾಡಿದಾಗ ಹಾಕಿ ಕೊಡೋಣ ಎಂದು ಅಮ್ಮ ಎತ್ತಿಟ್ಟವರು, ಇಪ್ಪತ್ತು ವರ್ಷದ ಮೇಲಾಯಿತು, ಹುಣಸೆಹಣ್ಣು ತುಂಬಿಸಿಟ್ಟಿದ್ದರು. ಹತ್ತು ಮೈಲಿ ದೂರದ ಊರು, ದಿನಕ್ಕೆ ಎಷ್ಟೋ ರೈಲು.

ಅವರೆಕಾಯಿಯ ಕಾಲ. ಭಾನುವಾರ ಹಿತಕಿದ ಬೇಳೆ ಸಾರು ಮಾಡಿ, ಬಟ್ಟಲಿಗೆ ಹಾಕಿ, ಮೇಲೆ ತಟ್ಟೆ ಮುಚ್ಚಿ ಬಟ್ಟೆ ಕಟ್ಟಿದೆವು. ಕೋರಮಂಡಲ್, ಊರಿಗಾಂ, ಚಾಂಪಿಯನ್, ಪ್ರತಿ ಸ್ಟೇಷನ್ನಿಗೂ ಅಮ್ಮ ಗಂಟು ಮುಟ್ಟಿ ನೋಡಿದರು. ಮಾರಿಕುಪ್ಪಂನಲ್ಲಿ ಅಕ್ಕ ಬಾಗಿಲಲ್ಲೇ ಕೂತಿದ್ದರು. ಕಣ್ಣು ಸರಿಯಾಗಿ ಕಾಣುವುದಿಲ್ಲ, ಬಟ್ಟಲಿನ ಅಂಚನ್ನು ಬೆರಳಲ್ಲಿ ಸವರಿ ಗುರುತು ಹಿಡಿದರು. “ಈಗ ಬಂತಾ ಇದು?” ಎಂದು ತಮಿಳಲ್ಲಿ ಬಯ್ದರು. ಸಾರನ್ನು ಬೇರೆ ಪಾತ್ರೆಗೆ ಸುರಿದು, ಬಟ್ಟಲು ತೊಳೆದು, ಹೊರಡುವ ಹೊತ್ತಿಗೆ ಅದರ ತುಂಬ ಕರುವಾಟು (ಒಣಮೀನು) ಗೊಜ್ಜು ಹಾಕಿ ಅಮ್ಮನ ಕೈಗಿತ್ತರು. ಹಾಗಾಗಿ ಬಟ್ಟಲು ಈಗಲೂ ನಮ್ಮ ಮನೆಯಲ್ಲೇ ಇದೆ.