ಎಸ್‌ಟಿ ಜಾಗಕ್ಕೆ ಮನೆ ಟ್ಯಾಕ್ಸ್ ಇಲ್ವಾ? ಕೊಳಗಲ್ಲು ಕಡೆಯವರಿಗೆ ಗೊತ್ತಿರಬೇಕಾದ ಲೆಕ್ಕ

ಬಳ್ಳಾರಿ: "ನಮ್ದು ಎಸ್‌ಟಿ ಜಾಗ, ಟ್ಯಾಕ್ಸ್ ಬರಂಗಿಲ್ಲ" ಅಂತ ಯಾರಾದ್ರೂ ಹೇಳಿದ್ರೆ ನಂಬಿ ಕೂಡಬೇಡಿ. ಕೊಳಗಲ್ಲು, ಕುರುಗೋಡು, ಸಿರುಗುಪ್ಪ ಭಾಗದ ಹಟ್ಟಿ, ತಾಂಡಾ, ಕ್ಯಾಂಪ್‌ಗಳ ಮನೆ-ಅಂಗಡಿಗಳಿಗೆ ಜಾತಿ ನೋಡಿ ವಿನಾಯಿತಿ ಕೊಡುವ ನಿಯಮ ಇಲ್ಲ.

ಯಾವುದಕ್ಕೆ ಯಾವ ತೆರಿಗೆ?

ಹಳ್ಳಿಯ ಮನೆ, ಅಂಗಡಿ, ಖಾಲಿ ಸೈಟಿಗೆ 1993ರ ಪಂಚಾಯತ್ ರಾಜ್ ಕಾಯ್ದೆಯ 199ನೇ ಕಲಂ ಪ್ರಕಾರ ಗ್ರಾಮ ಪಂಚಾಯಿತಿ ತೆರಿಗೆ ಹಾಕುತ್ತದೆ. ಉಳುಮೆ ಹೊಲಕ್ಕೆ ಈ ತೆರಿಗೆ ಬರಲ್ಲ, ಅದಕ್ಕೆ ಭೂ ಕಂದಾಯ. ಕಾಲುವೆ ನೀರಿನ ಕರ ಮತ್ತೆ ಬೇರೆ. ಪಂಚಾಯಿತಿ ತನ್ನ ಸ್ವಂತ ಆದಾಯದಲ್ಲಿ ಒಂದು ಪಾಲನ್ನು ಎಸ್‌ಸಿ, ಎಸ್‌ಟಿ ಕೆಲಸಕ್ಕೆ ಮೀಸಲಿಡಬೇಕು. ಹಾಗಾಗಿ ಕಟ್ಟಿದ ದುಡ್ಡಿನ ಲೆಕ್ಕವನ್ನು ಗ್ರಾಮಸಭೆಯಲ್ಲಿ ಕೇಳಬಹುದು.

ಗೊಂದಲ ಎಲ್ಲಿಂದ?

ಈಶಾನ್ಯ ರಾಜ್ಯಗಳ ಕೆಲವು ಪ್ರದೇಶ ಮತ್ತು ಲಡಾಖ್‌ನ ಎಸ್‌ಟಿಗಳಿಗೆ ಅಲ್ಲಿ ಗಳಿಸಿದ ದುಡಿಮೆಗೆ ಆದಾಯ ತೆರಿಗೆ ಇಲ್ಲ. ಅದು ಮನೆ ಟ್ಯಾಕ್ಸ್ ಅಲ್ಲ, ನಮ್ಮ ಕಡೆಗೆ ಅನ್ವಯಿಸೋದೂ ಇಲ್ಲ. ಕರ್ನಾಟಕದಲ್ಲಿ ಸಂವಿಧಾನದ 5ನೇ ಅನುಸೂಚಿಯ ಪ್ರದೇಶವೂ ಇಲ್ಲ.

ತೆರಿಗೆ ಬದಲು ಶುಲ್ಕ ಯಾರಿಗೆ?

ಕೇಂದ್ರ ಸರ್ಕಾರದ ಆಸ್ತಿಗೆ ಮಾತ್ರ ಸಂವಿಧಾನದ 285ನೇ ವಿಧಿಯ ರಕ್ಷಣೆ ಇದೆ. ರೈಲ್ವೆ ಜಾಗ ಇದಕ್ಕೆ ಸೇರುತ್ತದೆ. ಆದ್ರೆ ಬೀದಿದೀಪ, ಚರಂಡಿ, ರಸ್ತೆ ಪುಕ್ಕಟೆ ಅಲ್ಲ. 2009ರ ರಾಜ್‌ಕೋಟ್ ಪಾಲಿಕೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮುಂದೆ ಆದ ಒಪ್ಪಂದದಂತೆ, ಸೌಲಭ್ಯ ಪೂರ್ತಿ ಬಳಸಿದರೆ ತೆರಿಗೆಯ ಶೇ 75, ಅರ್ಧಂಬರ್ಧ ಬಳಸಿದರೆ ಶೇ 50, ಬಳಸದಿದ್ದರೆ ಮೂರರಲ್ಲಿ ಒಂದು ಪಾಲು ಸೇವಾ ಶುಲ್ಕ ಕಟ್ಟಬೇಕು. ಸರ್ಕಾರ ಮಂಜೂರು ಮಾಡಿ ಕೊಟ್ಟ ಮನೆ ಜಾಗ ಇದರೊಳಗೆ ಬರಲ್ಲ. ಅದು ಫಲಾನುಭವಿಯ ಆಸ್ತಿ.

ಟ್ಯಾಕ್ಸ್ ರಸೀದಿ ಹಕ್ಕುಪತ್ರ ಅಲ್ಲ

ಪೆಟ್ಟು ಬೀಳೋದು ಇಲ್ಲೇ. ಎಸ್‌ಸಿ, ಎಸ್‌ಟಿಯವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಿಗೆ ಪಿಟಿಸಿಎಲ್ ಕಾಯ್ದೆ ಅನ್ವಯ. 1979ರ ಜನವರಿ 1ರಿಂದ ಜಾರಿಯಲ್ಲಿದೆ. ಸರ್ಕಾರದ ಮುಂಗಡ ಅನುಮತಿ ಇಲ್ಲದೆ ಮಾರಿದರೆ ಆ ಮಾರಾಟ ಅಸಿಂಧು. ಕೊಂಡವರು ಎಷ್ಟು ವರ್ಷ ತೆರಿಗೆ ಕಟ್ಟಿದ್ರೂ ಮಾರಾಟ ಸರಿಯಾಗಲ್ಲ. ಕಳಕೊಂಡವರು ಉಪವಿಭಾಗಾಧಿಕಾರಿಗೆ (ಎಸಿ) ಅರ್ಜಿ ಕೊಡಬೇಕು, ಮೇಲ್ಮನವಿ ಜಿಲ್ಲಾಧಿಕಾರಿಗೆ. 2017ರಲ್ಲಿ ಸುಪ್ರೀಂ ಕೋರ್ಟ್ ತುಂಬಾ ತಡವಾಗಿ ಬಂದ ಅರ್ಜಿಯನ್ನು ಒಪ್ಪಲಿಲ್ಲ. 2023ರ ತಿದ್ದುಪಡಿ ಅರ್ಜಿಗೆ ಕಾಲಮಿತಿ ಇಲ್ಲ ಎಂದಿತು. ಹಾಗಂತ ತಡ ಮಾಡೋದು ಬೇಡ. ಸ್ವಂತ ದುಡ್ಡಿನಲ್ಲಿ ಕೊಂಡ ಜಮೀನಿಗೆ ಈ ಕಾಯ್ದೆ ಇಲ್ಲ.

ದಾಖಲೆ ಇಲ್ಲದ ಹಟ್ಟಿ, ತಾಂಡಾ, ಕ್ಯಾಂಪ್

ಇಂಥ ಜನವಸತಿಗಳನ್ನು ಕಂದಾಯ ಗ್ರಾಮ ಮಾಡಿ ಹಕ್ಕುಪತ್ರ ಕೊಡಲು ಭೂ ಕಂದಾಯ ಕಾಯ್ದೆಯ 94ಡಿ, ಭೂ ಸುಧಾರಣಾ ಕಾಯ್ದೆಯ 38ಎ ಕಲಂ ಇವೆ. 2025ರ ಮೇ 20ರಂದು ಹೊಸಪೇಟೆಯಲ್ಲಿ 1,11,111 ಕುಟುಂಬಗಳಿಗೆ ಹಕ್ಕುಪತ್ರ ನೀಡುವ ಕಾರ್ಯಕ್ರಮ ನಡೆದದ್ದು ಇದರ ಭಾಗವಾಗಿಯೇ.

ಈಗ ಏನು ಮಾಡಬೇಕು?

* ಮನೆ ಇದ್ದವರು: ಹಕ್ಕುಪತ್ರ ತಗೊಂಡು ಪಂಚಾಯಿತಿಯಲ್ಲಿ ಇ-ಸ್ವತ್ತು ಖಾತಾ ಮಾಡಿಸಿ, ಪ್ರತಿ ವರ್ಷ ರಸೀದಿ ಇಟ್ಟುಕೊಳ್ಳಿ.
* ಅಂಗಡಿ, ಸೈಟು ಕೊಳ್ಳುವವರು: ಅಡ್ವಾನ್ಸ್ ಕೊಡೋ ಮೊದಲು ಪಹಣಿ, ಮಂಜೂರಾತಿ ಆದೇಶ ನೋಡಿ. ಬರೀ ಟ್ಯಾಕ್ಸ್ ರಸೀದಿ ತೋರಿಸಿದರೆ ಸಾಲದು.
* ಮಂಜೂರು ಜಮೀನು ಮಾರಲೇಬೇಕಾದವರು: ಮೊದಲು ಅನುಮತಿ, ಆಮೇಲೆ ನೋಂದಣಿ.