ಗೂಡಿನ ಖರ್ಚು: ತೊರೆಯ ಕ್ಯಾಡಿಸ್ ಹುಳುವಿನ ನೂಲು ಮತ್ತು ರೆಕ್ಕೆ

ರಾಮನಗರದ ಮಾರುಕಟ್ಟೆಗೆ ಬರುವ ರೇಷ್ಮೆಗೂಡನ್ನು ಬಿಸಿನೀರಿಗೆ ಹಾಕಿದಾಗ ಎಳೆಗಳನ್ನು ಹಿಡಿದಿಟ್ಟ ಸೆರಿಸಿನ್ ಅಂಟು ಸಡಿಲಗೊಂಡು ನೂಲು ಬಿಚ್ಚಿಕೊಳ್ಳುತ್ತದೆ. ಮಲೆನಾಡಿನ ಹಳ್ಳದಲ್ಲಿ ಕಲ್ಲು ಮಗುಚಿದರೆ ಸಿಗುವ ಕ್ಯಾಡಿಸ್ ಮರಿಹುಳುವಿನ ನೂಲಿನ ನಡತೆಯೇ ಬೇರೆ. ಅದು ಹರಿಯುವ ನೀರಿನೊಳಗೇ ಒದ್ದೆ ಮರಳಿಗೆ ಅಂಟುತ್ತದೆ. ಹಾಗೆಂದು ಇವೆರಡೂ ಪರಕೀಯರಲ್ಲ, ದಾಯಾದಿಗಳು. ಕ್ಯಾಡಿಸ್ ಸೇರಿರುವ ಟ್ರೈಕಾಪ್ಟೆರ ಗಣವೂ ಚಿಟ್ಟೆ, ಪತಂಗಗಳ ಲೆಪಿಡಾಪ್ಟೆರ ಗಣವೂ ಒಂದೇ ಮೂಲದಿಂದ ಕವಲೊಡೆದಿವೆ. ಎರಡರಲ್ಲೂ ನೂಲು ಬರುವುದು ಕೆಳದುಟಿಯ ಗ್ರಂಥಿಯಿಂದ. ಕ್ಯಾಡಿಸ್ ನೂಲಿನ ಸೆರೀನ್ ಘಟಕಗಳಿಗೆ ಫಾಸ್ಫೇಟ್ ಹತ್ತಿಕೊಂಡಿದ್ದು, ನೀರಿನ ಕ್ಯಾಲ್ಸಿಯಂ ಅವನ್ನು ಪರಸ್ಪರ ಬೆಸೆಯುತ್ತದೆ ಎಂಬುದನ್ನು ಯೂಟಾ ವಿಶ್ವವಿದ್ಯಾಲಯದ ರಸೆಲ್ ಸ್ಟೀವರ್ಟ್ ಮತ್ತು ಸಂಗಡಿಗರು 2010ರಿಂದೀಚೆಗೆ ವಿವರಿಸಿದ್ದಾರೆ.

ಇನ್ನೊಂದು ವ್ಯತ್ಯಾಸ ನನಗೆ ಇದಕ್ಕಿಂತ ಮುಖ್ಯವೆನಿಸುತ್ತದೆ. ರೇಷ್ಮೆಹುಳು ಹಣ್ಣಾಗಿ ಚಂದ್ರಿಕೆಗೆ ಏರಿದ ಮೇಲೆ ಗೂಡು ಕಟ್ಟುತ್ತದೆ, ಒಂದೇ ಸಲ. ಗೂಡು ಹೊರುವ ಬಹುಪಾಲು ಕ್ಯಾಡಿಸ್ ಹುಳುಗಳು ಮೊಟ್ಟೆಯೊಡೆದು ಬಂದ ಸ್ವಲ್ಪ ಹೊತ್ತಿಗೇ ಕೆಲಸ ಶುರುಮಾಡಿ, ಮೈ ಬೆಳೆದಂತೆಲ್ಲ ಗೂಡಿನ ಮುಂಬಾಯಿಯನ್ನು ಬೆಳೆಸುತ್ತ, ಕಿರಿದಾದ ಹಿಂಬದಿಯನ್ನು ಕತ್ತರಿಸುತ್ತ ಹೋಗುತ್ತವೆ. ಗೂಡನ್ನು ರಕ್ಷಾಕವಚವೆಂದು ಕರೆದು ಮುಗಿಸುವುದು ವಾಡಿಕೆ. ಅದನ್ನು ಹುಳುವಿನ ಆಯವ್ಯಯದ ಒಂದು ಬಾಬತ್ತಾಗಿಯೂ ನೋಡಬೇಕೆಂಬುದು ಈ ಲೇಖನದ ವಾದ.

ಕವಚವೆಂಬ ಮಾತು ಸುಳ್ಳಲ್ಲ, ಅಪೂರ್ಣ. ಗೂಡು ಉಸಿರಾಟದ ಕೊಳವೆಯೂ ಹೌದು. ಹುಳು ಒಳಗೆ ಹೊಟ್ಟೆಯನ್ನು ಅಲೆಯಂತೆ ಆಡಿಸಿದಾಗ ನೀರು ಮುಂದಿನಿಂದ ಒಳಬಂದು, ಕಿವಿರುಗಳನ್ನು ಸವರಿ, ಹಿಂದಿನ ರಂಧ್ರದಿಂದ ಹೊರಬೀಳುತ್ತದೆ. ಕಟ್ಟಡದ ಸಾಮಗ್ರಿಯಲ್ಲೂ ಪ್ರತಿ ಕುಲಕ್ಕೆ ತನ್ನದೇ ರೂಢಿಯಿದೆ. ಅನೈಸೊಸೆಂಟ್ರೋಪಸ್ ತರಗೆಲೆಯಿಂದ ಎರಡು ಬಿಲ್ಲೆ ಕತ್ತರಿಸಿ, ದೊಡ್ಡದನ್ನು ಮೇಲೆ, ಚಿಕ್ಕದನ್ನು ಕೆಳಗೆ ಇಟ್ಟು ಹೊಲಿಯುತ್ತದೆ. ಯುರೋಪಿನ ಲೆಪಿಡೊಸ್ಟೋಮ ಹಿರ್ಟಮ್ ಎಳೆತನದಲ್ಲಿ ಮರಳಿನ ಕೊಳವೆ ಕಟ್ಟಿ, ಬೆಳೆದ ಮೇಲೆ ಎಲೆಯ ಚೌಕಗಳಿಗೆ ಬದಲಾಗುತ್ತದೆ. ಹೆಲಿಕೊಸೈಕೆಯ ಮರಳುಗೂಡಂತೂ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿರುತ್ತದೆ. ಅಮೆರಿಕದ ಐಸಾಕ್ ಲೀ 1834ರಲ್ಲಿ ಅದನ್ನು ಮೃದ್ವಂಗಿಯೆಂದೇ ತಿಳಿದು ನಾಮಕರಣವನ್ನೂ ಮಾಡಿದ್ದ! ಅವನನ್ನು ನೋಡಿ ನಗುವವರು ಅಂಥದೊಂದು ಗೂಡನ್ನು ಒಮ್ಮೆ ಅಂಗೈಯಲ್ಲಿಟ್ಟು ನೋಡಬೇಕು.

ಮರಳು ಹೊಳೆಯದು, ಎಲೆ ದಂಡೆಯದು, ಎರಡೂ ಬಿಟ್ಟಿ. ನೂಲು ಮಾತ್ರ ಹುಳುವಿನ ಮೈಯ ಪ್ರೋಟೀನು. ಪ್ರೌಢ ಕ್ಯಾಡಿಸ್ ಘನ ಆಹಾರ ತಿನ್ನುವುದಿಲ್ಲವಾದ್ದರಿಂದ, ರೆಕ್ಕೆಯ ಸ್ನಾಯುವಿಗೂ ಮೊಟ್ಟೆಗೂ ಬೇಕಾದ ಪ್ರೋಟೀನನ್ನು ಮರಿಹುಳುವೇ ಕೂಡಿಟ್ಟಿರಬೇಕು. ಗ್ಲಾಸ್ಗೋ ವಿಶ್ವವಿದ್ಯಾಲಯದ ಸ್ಟೀವನ್ಸ್, ಹ್ಯಾನ್ಸೆಲ್, ಮೊನಹನ್ ಮತ್ತಿತರರ 1999ರ ಪ್ರಯೋಗ ಈ ಲೆಕ್ಕವನ್ನು ಬಯಲಿಗೆ ತಂದಿತು. ಒಡೊಂಟೊಸೆರಮ್ ಅಲ್ಬಿಕಾರ್ನೆ ಹುಳುಗಳು ಗೂಡನ್ನು ಮತ್ತೆ ಕಟ್ಟಬೇಕಾಗಿ ಬಂದಾಗ, ಅವುಗಳಿಂದ ಹೊರಬಂದ ಪ್ರೌಢ ಕೀಟಗಳ ಹೊಟ್ಟೆಭಾಗ ಉಳಿಯಿತು, ಎದೆಭಾಗ ಕುಗ್ಗಿತು. ಹೊಟ್ಟೆಯಲ್ಲಿರುವುದು ಸಂತಾನ, ಎದೆಯಲ್ಲಿರುವುದು ಹಾರಾಟ. ಕೊರತೆ ಬಿದ್ದದ್ದು ಹಾರಾಟಕ್ಕೆ.

ಇದನ್ನು ನಮ್ಮ ಘಟ್ಟಕ್ಕೆ ತಂದು ನೋಡಬಹುದು. ಕುದುರೆಮುಖ ರಾಷ್ಟ್ರೀಯ ಉದ್ಯಾನದ ತೊರೆಗಳ ಕೀಟಗಳನ್ನು ದಂಡೆಯ ನೆಲಬಳಕೆಯೊಂದಿಗೆ ಹೋಲಿಸಿ ಕೆ. ಎ. ಸುಬ್ರಮಣಿಯನ್, ಕೆ. ಜಿ. ಶಿವರಾಮಕೃಷ್ಣನ್ ಮತ್ತು ಮಾಧವ ಗಾಡ್ಗೀಳ್ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅತಿ ಹೆಚ್ಚು ವೈವಿಧ್ಯ ಕಂಡದ್ದು ಅರೆ ನಿತ್ಯಹಸಿರು ಕಾಡಿನ ತೊರೆಗಳಲ್ಲಿ. ಅತಿ ಕಡಿಮೆ, ಕುರುಚಲು ನೆಲ ಮತ್ತು ಕಬ್ಬಿಣದ ಅದಿರಿನ ಗಣಿಯ ಬದಿಯಲ್ಲಿ. ಮನೆ, ಅಡಿಕೆ ತೋಟಗಳ ಪಕ್ಕದ ತೊರೆಗಳು ನಿತ್ಯಹಸಿರು ಕಾಡಿನ ತೊರೆಗಳನ್ನೂ ಮೀರಿಸಿದವು! ಕಾಡು ಒಳ್ಳೆಯದು, ತೋಟ ಕೆಟ್ಟದ್ದು ಎಂಬ ಸುಲಭ ಸೂತ್ರ ಇಲ್ಲಿ ನಿಲ್ಲುವುದಿಲ್ಲ. ಆದರೂ ಇಂಥ ಎಣಿಕೆ ಹೇಳುವುದು ಯಾವ ಬಗೆಯ ಕೀಟ ಉಳಿದಿದೆ ಎಂಬುದನ್ನು. ಉಳಿದದ್ದು ಯಾವ ಬೆಲೆ ತೆತ್ತು ಉಳಿಯಿತು ಎಂಬುದಕ್ಕೆ ಬೇರೆ ಅಳತೆ ಬೇಕು. ಹೂಳು ಬಂದು ಕೂರುವ ತೊರೆಯಲ್ಲಿ ಕಟ್ಟಲು ತಕ್ಕ ಮರಳಿನ ಕಣ ಹೂತುಹೋಗುತ್ತದೆ. ದಂಡೆಯ ಮರ ಕಡಿದಲ್ಲಿ ಎಲೆ ಬೀಳುವುದಿಲ್ಲ. ಎರಡೂ ಕಡೆ ದುರಸ್ತಿಗೆ ನೂಲು ಹೆಚ್ಚು ಬೇಕಾಗಬಹುದೆಂದು ನಾನು ಊಹಿಸುತ್ತೇನೆ.

ಊಹೆಯನ್ನು ಒರೆಗೆ ಹಚ್ಚಲು ದೀಪದ ಬಲೆ ಸಾಲದು, ಅದಕ್ಕೆ ಬೀಳುವ ಕೀಟ ಯಾವ ಹಳ್ಳದಿಂದ ಹಾರಿಬಂತೋ ತಿಳಿಯದು. ಅನುಕೂಲವೆಂದರೆ, ಕೋಶಾವಸ್ಥೆಗೆ ಹೋಗುವ ಮುನ್ನ ಹುಳು ಗೂಡನ್ನು ಕಲ್ಲಿಗೆ ಬಿಗಿದು, ಬಾಯಿಗಳನ್ನು ನೂಲಿನಿಂದ ಮುಚ್ಚಿಕೊಳ್ಳುತ್ತದೆ. ಹೂಳಿನ ತೊರೆ ಮತ್ತು ತಿಳಿನೀರಿನ ತೊರೆಗಳಿಂದ ಒಂದೇ ಪ್ರಭೇದದ ಅಂಥ ಗೂಡುಗಳನ್ನು ಕಲ್ಲಿನ ಸಮೇತ ತಂದು, ಕೀಟ ಹೊರಬಂದ ಮೇಲೆ ಎದೆ, ಹೊಟ್ಟೆ ಮತ್ತು ಬಿಟ್ಟುಹೋದ ಗೂಡಿನ ನೂಲನ್ನು ಒಣಗಿಸಿ ಬೇರೆಬೇರೆಯಾಗಿ ತೂಗಬೇಕು.