ಭಗಂದರ ಶಸ್ತ್ರಕ್ರಿಯೆಯ ನಂತರ ಗಾಯ ಮಾಯುವ ಅವಧಿ: ದಿನಗಣನೆಯ ತೊಡಕು ಕುರಿತು ಒಂದು ಟಿಪ್ಪಣಿ

1. ವ್ಯಾಪ್ತಿ

ಗುದನಾಳದ ಒಳಗೋಡೆಗೂ ಹೊರಚರ್ಮಕ್ಕೂ ನಡುವೆ ಕೀವಿನ ದಾರಿ (ಮುಂದೆ 'ನಾಳ') ಉಳಿದುಕೊಳ್ಳುವ ರೋಗ ಭಗಂದರ ಅಥವಾ ಫಿಸ್ಟುಲಾ. ಊರುಗಳಲ್ಲಿ ಇದನ್ನೂ ಸಾಮಾನ್ಯವಾಗಿ ಮೂಲವ್ಯಾಧಿಯ ಲೆಕ್ಕಕ್ಕೇ ಸೇರಿಸುತ್ತಾರೆ. ಶಸ್ತ್ರಕ್ರಿಯೆಯಾದ ಮೇಲೆ ಗಾಯ ಬೇಗ ಮಾಯುವುದಿಲ್ಲ ಎಂಬ ದೂರು ಹಳೆಯದು. ಈ ತಡವನ್ನು ಯಾವ ದಿನದಿಂದ ಯಾವ ದಿನದವರೆಗೆ ಎಣಿಸಲಾಗಿದೆ ಎಂಬುದಷ್ಟೇ ಇಲ್ಲಿನ ಪ್ರಶ್ನೆ. ಯಾವ ಚಿಕಿತ್ಸೆ ಮೇಲು ಎಂಬ ನಿರ್ಣಯ ಈ ಟಿಪ್ಪಣಿಯ ಉದ್ದೇಶವಲ್ಲ.

2. ಅಬಲೂರಿನ ಶಾಸನ

ಹಿರೇಕೆರೂರು ತಾಲ್ಲೂಕಿನ ಅಬಲೂರಿನಲ್ಲಿ ಗಾಯವೊಂದರ ಅವಧಿಯನ್ನು ಹೇಳುವ ಶಿಲಾಲೇಖವಿದೆ. ಶಿವಭಕ್ತ ಏಕಾಂತದ ರಾಮಯ್ಯ ಜೈನರೊಡನೆ ಪಣ ತೊಟ್ಟು ತಲೆ ಅರಿದು ಶಿವನಿಗೆ ಒಪ್ಪಿಸಿದನು, ಏಳು ದಿನಗಳ ಬಳಿಕ ಅದನ್ನು ಮರಳಿ ಪಡೆದನು ಎಂಬುದು ಸೋಮೇಶ್ವರ ದೇವಾಲಯದ ಈ ಶಾಸನದ ನಿರೂಪಣೆ. ಎಪಿಗ್ರಾಫಿಯಾ ಇಂಡಿಕಾದ 5ನೆಯ ಸಂಪುಟದಲ್ಲಿ ಇದನ್ನು ಪ್ರಕಟಿಸಿದ ಜೆ. ಎಫ್. ಫ್ಲೀಟ್ ಕಾಲವನ್ನು ಕ್ರಿ.ಶ. 1200ರ ಸುಮಾರು ಎಂದರು. ಶಾಸನ ಹೆಸರಿಸುವ ಕಳಚುರಿ ಬಿಜ್ಜಳನ ಆಳ್ವಿಕೆ 1167–68ರ ಹೊತ್ತಿಗೆ ಮುಗಿದಿತ್ತು. ಆದ್ದರಿಂದ ಹೇಳಲಾದ ಘಟನೆಗೂ ಬರಹಕ್ಕೂ ನಡುವೆ ಸುಮಾರು ಮೂರು ದಶಕಗಳ ಅಂತರವನ್ನು ಒಪ್ಪಬೇಕಾಗುತ್ತದೆ.

ಈ ಏಳು ದಿನ ಭಕ್ತಿಯ ಲೆಕ್ಕ. ಶರೀರಶಾಸ್ತ್ರಕ್ಕೆ ಅದು ಆಧಾರವಾಗದು. ಆದರೂ ಎಣಿಕೆಯ ಮೊದಲು ಮತ್ತು ಕೊನೆ ಎರಡೂ ಅಲ್ಲಿ ನಿಶ್ಚಿತವಾಗಿವೆ. ಭಗಂದರ ಕುರಿತ ವೈದ್ಯಕೀಯ ಅಂಕಿಗಳಲ್ಲಿ ಈ ನಿಶ್ಚಿತತೆ ಎಲ್ಲ ಕಡೆಯೂ ಸಿಗುವುದಿಲ್ಲ.

3. ಸಂಸ್ಕೃತ ಆಕರಗಳಲ್ಲಿನ ಭಿನ್ನತೆ

ಸುಶ್ರುತ ಸಂಹಿತೆ ಭಗಂದರವನ್ನು ಎಂಟು ಮಹಾಗದಗಳಲ್ಲಿ (ಮಹಾರೋಗಗಳಲ್ಲಿ) ಒಂದಾಗಿ ಎಣಿಸುತ್ತದೆ. ನಿದಾನಸ್ಥಾನದ 4ನೆಯ ಅಧ್ಯಾಯದಲ್ಲಿ ಐದು ಬಗೆಗಳಿವೆ: ಶತಪೋನಕ, ಉಷ್ಟ್ರಗ್ರೀವ, ಪರಿಸ್ರಾವಿ, ಶಂಬೂಕಾವರ್ತ, ಉನ್ಮಾರ್ಗಿ. ವಾಗ್ಭಟನಲ್ಲಿ ಇವು ಎಂಟಾಗುತ್ತವೆ. ಶಂಬೂಕಾವರ್ತ ಮತ್ತು ಉನ್ಮಾರ್ಗಿ ಅಸಾಧ್ಯ, ಉಳಿದವು ಕಷ್ಟಸಾಧ್ಯ ಎಂಬುದು ಸುಶ್ರುತದ ನಿಲುವು. ಹೀಗಾಗಿ ಗುಣವಾಗಲು ಕಾಲ ಹಿಡಿಯುತ್ತದೆ ಎಂಬ ಅರಿವು ವರ್ಗೀಕರಣದಲ್ಲೇ ಅಡಗಿದೆಯೆಂದು ಓದಬಹುದು.

ಕ್ಷಾರ ಸವರಿದ ದಾರದಿಂದ ನಾಳವನ್ನು ಮೆಲ್ಲಗೆ ಕೊಯ್ಯುವ ಕ್ಷಾರಸೂತ್ರದ ವಿಧಾನ ಭಗಂದರ ಚಿಕಿತ್ಸೆಯ ಅಧ್ಯಾಯದಲ್ಲಿ (ಚಿಕಿತ್ಸಾಸ್ಥಾನ 8) ಬರುವುದಿಲ್ಲ. ಅದು 17ನೆಯ ಅಧ್ಯಾಯದಲ್ಲಿ, ನಾಡೀವ್ರಣದ (ಕೀವುನಾಳದ ಹುಣ್ಣಿನ) ಸಂದರ್ಭದಲ್ಲಿ ಬರುತ್ತದೆ. ಭಗಂದರಕ್ಕೂ ಇದೇ ಕ್ರಮ ಎಂಬ ಸೂಚನೆ ಅಲ್ಲಿಯೇ ಇದೆ. ಎಲೆಗಳ್ಳಿಯ ಹಾಲು ಮತ್ತು ಅರಿಶಿನ ಸವರಿದ ದಾರದ ಉಲ್ಲೇಖ 11ನೆಯ ಶತಮಾನದ ಚಕ್ರಪಾಣಿದತ್ತನದು. ಇಂದು ಬಳಕೆಯಲ್ಲಿರುವ 21 ಲೇಪಗಳ ದಾರ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ 1960ರ ದಶಕದಿಂದ ನಡೆದ ಕೆಲಸದ ಫಲ. ಅದರಲ್ಲಿ ಬರೀ ಕಳ್ಳಿಹಾಲಿನ ಲೇಪ 11, ಉತ್ತರಾಣಿಯ ಕ್ಷಾರ ಸೇರಿದ ಲೇಪ 7, ಅರಿಶಿನ ಸೇರಿದ ಲೇಪ 3. ಪ್ರಾಚೀನ ಸೂತ್ರವೂ ಈ ದಾರವೂ ಒಂದೇ ಎಂದು ಬರೆಯುವುದು ನಿಖರವಲ್ಲ.

4. 1991ರ ಅಂಕಿಗಳು

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬಹುಕೇಂದ್ರ ಯಾದೃಚ್ಛಿಕ ಪರೀಕ್ಷೆಯ ವರದಿ 1991ರಲ್ಲಿ ಪ್ರಕಟವಾಯಿತು. ಸುಮಾರು 500 ರೋಗಿಗಳನ್ನು ಒಳಗೊಂಡ ಈ ಅಧ್ಯಯನದಲ್ಲಿ ಆರಂಭಿಕ ಮಾಯುವಿಕೆಗೆ ಕ್ಷಾರಸೂತ್ರದಲ್ಲಿ 8 ವಾರ, ಶಸ್ತ್ರಕ್ರಿಯೆಯಲ್ಲಿ 4 ವಾರ ಹಿಡಿಯಿತು. ರೋಗ ಮರುಕಳಿಸಿದ ಪ್ರಮಾಣ ಕ್ರಮವಾಗಿ ಶೇ. 4 ಮತ್ತು ಶೇ. 11. ಬೇಗ ಮಾಯ್ದ ಗುಂಪಿನಲ್ಲೇ ಮರುಕಳಿಕೆ ಹೆಚ್ಚು. ಬೇಗ ಮಾಯ್ದದ್ದೇ ಅದಕ್ಕೆ ಕಾರಣವೆಂದು ಈ ಅಂಕಿಗಳಿಂದ ಸಾಧಿಸಲಾಗದು. ಆದರೆ ಮಾಯುವ ವೇಗವೊಂದನ್ನೇ ಯಶಸ್ಸಿನ ಅಳತೆಯಾಗಿ ಹಿಡಿಯುವುದು ಸರಿಯಲ್ಲ ಎನ್ನಲು ಇಷ್ಟು ಸಾಕು.

5. ಎರಡು ಬಗೆಯ ಗಣನೆ

ನಾಳವನ್ನು ಸೀಳಿ ತೆರೆದಿಟ್ಟಾಗ ಗಾಯ ಪೂರ್ತಿಯಾಗಿ ಮೊದಲ ದಿನವೇ ಉಂಟಾಗುತ್ತದೆ. ಹೊಲಿಗೆ ಹಾಕುವುದಿಲ್ಲ, ತಳದಿಂದ ಹೊಸ ಮಾಂಸ ಬೆಳೆದು ತುಂಬಬೇಕು. ಎಣಿಕೆ ಶಸ್ತ್ರಕ್ರಿಯೆಯ ದಿನದಿಂದ ಚರ್ಮ ಕೂಡುವ ದಿನದವರೆಗೆ. ಕ್ಷಾರಸೂತ್ರದಲ್ಲಿ ಕೊಯ್ಯುವುದೂ ಮಾಯುವುದೂ ಒಟ್ಟೊಟ್ಟಿಗೆ ಸಾಗುತ್ತವೆ. ಸಾಮಾನ್ಯವಾಗಿ ವಾರಕ್ಕೊಮ್ಮೆ ಹಳೆಯ ದಾರದ ತುದಿಗೆ ಹೊಸದನ್ನು ಕಟ್ಟಿ ಎಳೆದು ತೂರಿಸುತ್ತಾರೆ. ಹೊರತೆಗೆದ ದಾರದ ಉದ್ದ ಅಳೆದು ಹಿಂದಿನ ವಾರದ ಉದ್ದದೊಡನೆ ಹೋಲಿಸಿದರೆ ಆ ವಾರ ನಾಳ ಎಷ್ಟು ಕೊಯ್ದಿದೆ ಎಂಬುದು ತಿಳಿಯುತ್ತದೆ. ಒಟ್ಟು ದಿನಗಳನ್ನು ಮೊದಲ ಉದ್ದದಿಂದ ಭಾಗಿಸಿದರೆ ಬರುವುದು ಏಕಮಾನ ಛೇದನಕಾಲ. ಉದಾಹರಣೆಗೆ 6 ಸೆಂ.ಮೀ. ನಾಳ 42 ದಿನಗಳಲ್ಲಿ ಕೊಯ್ದರೆ ಪ್ರತಿ ಸೆಂ.ಮೀ.ಗೆ 7 ದಿನ. ದಾರ ಕಳಚಿ ಬಿದ್ದ ದಿನವೂ ಗಾಯ ಒಣಗಿದ ದಿನವೂ ಒಂದೇ ಆಗಬೇಕಿಲ್ಲ. ಯಾವುದನ್ನು ಅಂತ್ಯವೆಂದು ಹಿಡಿಯಲಾಗಿದೆ ಎಂದು ಹೇಳದ ಅಂಕಿಗಳನ್ನು ಪರಸ್ಪರ ಹೋಲಿಸುವುದು ಅಪಾಯಕರ.

ನಾಳದ ಸ್ವರೂಪವೂ ಗಣನೆಗೆ ಸೇರಬೇಕು. ಪಾರ್ಕ್ಸ್ ಮತ್ತು ಸಂಗಡಿಗರು 1976ರಲ್ಲಿ 400 ರೋಗಿಗಳ ಆಧಾರದ ಮೇಲೆ ಮಾಡಿದ ನಾಲ್ಕು ವರ್ಗಗಳು ನಾಳವು ಗುದದ ಬಿಗಿಸ್ನಾಯುಗಳನ್ನು ಹಾಯುವ ಬಗೆಯನ್ನು ಅವಲಂಬಿಸಿವೆ. ಮೇಲುಮೇಲಿನ ನಾಳದ ಆರು ವಾರವನ್ನೂ ಸ್ನಾಯು ದಾಟಿದ ನಾಳದ ಆರು ವಾರವನ್ನೂ ಒಂದೇ ತಕ್ಕಡಿಯಲ್ಲಿ ಇಡಲಾಗದು.

6. ನಿಜವಾದ ತಡದ ಲಕ್ಷಣಗಳು

ತೆರೆದ ಗಾಯಕ್ಕೆ ಕೆಲವು ವಾರಗಳಿಂದ ಎರಡು ಮೂರು ತಿಂಗಳವರೆಗೆ ಹಿಡಿಯುವುದು ಅಪರೂಪವಲ್ಲ. ದಿನಗಳ ಸಂಖ್ಯೆಗಿಂತ ಗಾಯದ ನೋಟಕ್ಕೆ ಹೆಚ್ಚು ಬೆಲೆ ಕೊಡಬೇಕಾದ ಸಂದರ್ಭಗಳಿವೆ:

ಅ) ಮೇಲೆ ಚರ್ಮದ ಎರಡು ಅಂಚುಗಳು ಸೇತುವೆಯಂತೆ ಕೂಡಿ, ಕೆಳಗೆ ಪೊಳ್ಳು ಉಳಿಯುವುದು. ನೋಡಲು ಮಾಯ್ದಂತಿದ್ದರೂ ಒತ್ತಿದರೆ ಕೀವು ಬರುತ್ತದೆ.

ಆ) ಒಳಬಾಯಿ ಅಥವಾ ಕವಲು ನಾಳ ಶಸ್ತ್ರಕ್ರಿಯೆಯಲ್ಲಿ ಸಿಗದೆ ಉಳಿದಿರುವುದು. ಎಂ.ಆರ್.ಐ. ಇಲ್ಲಿ ನೆರವಾಗಬಲ್ಲದು.

ಇ) ಕೆಂಪು ಮಾಂಸ ಅಂಚಿಗಿಂತ ಮೇಲಕ್ಕೆ ಉಬ್ಬಿ ಚರ್ಮ ಕೂಡದಂತೆ ತಡೆಯುವುದು, ಕೂದಲು ಗಾಯದೊಳಗೆ ಸೇರುವುದು.

ಈ) ಹತೋಟಿಯಲ್ಲಿಲ್ಲದ ಮಧುಮೇಹ, ರಕ್ತಹೀನತೆ, ಧೂಮಪಾನ, ಸ್ಟೀರಾಯ್ಡ್ ಬಳಕೆ.

ಉ) ಕ್ಷಯ ಅಥವಾ ಕ್ರೋನ್ಸ್ ಕಾಯಿಲೆ. ಭಾರತದಲ್ಲಿ ಕ್ಷಯದ ಸಾಧ್ಯತೆಯನ್ನು ಬದಿಗಿಡಲಾಗದು. ತೆಗೆದ ಅಂಗಾಂಶವನ್ನು ಪರೀಕ್ಷೆಗೆ ಕಳಿಸದಿದ್ದರೆ ಇದು ತಪ್ಪಿಹೋಗಬಹುದು.

ಬದನೆಕಾಯಿ ತಿಂದರೆ ನಂಜಾಗುತ್ತದೆ ಎಂಬಂಥ ನಂಬಿಕೆಯಿಂದ ಊಟ ಕಡಿಮೆ ಮಾಡುವುದು ಮಾಯುವಿಕೆಗೆ ಅನುಕೂಲವೆಂದು ತೋರುವುದಿಲ್ಲ. ನಾರು, ನೀರು ಮತ್ತು ಪ್ರೋಟೀನು ಸಾಕಷ್ಟು ಬೇಕು. ಮಲ ಗಟ್ಟಿಯಾದರೆ ಗಾಯಕ್ಕೆ ಪೆಟ್ಟು.

7. ಮಿತವಾದ ನಿಗಮನ

ಹಿರೇಕೆರೂರು ಭಾಗದ ರೋಗಿಗಳ ಹಳೆಯ ದಾಖಲೆಗಳನ್ನು ನೋಡುವವರು ಹಾವೇರಿ ಜಿಲ್ಲೆ 1997ರಲ್ಲಿ ರೂಪುಗೊಂಡಿತು, ಅದಕ್ಕೆ ಮೊದಲಿನವು ಧಾರವಾಡ ಜಿಲ್ಲೆಯ ಹೆಸರಿನಲ್ಲಿರುತ್ತವೆ ಎಂಬುದನ್ನು ಗಮನಿಸಬೇಕು. ವಾರದ ದಾರ ಬದಲಾವಣೆ ಮುಂಗಾರು ಬಿತ್ತನೆಯ ದಿನಗಳಲ್ಲಿ ತಪ್ಪಿದ್ದರೆ, ಹೆಚ್ಚಿದ ದಿನಗಳನ್ನು ಗಾಯದ ತಡವೆಂದು ಬರೆಯಬಾರದು. ಪ್ರತಿ ದಾಖಲೆಯಲ್ಲಿ ಕನಿಷ್ಠ ನಾಲ್ಕು ಅಂಶ ಇರಬೇಕೆನಿಸುತ್ತದೆ: ನಾಳದ ವರ್ಗ, ಮೊದಲ ಉದ್ದ, ಎಣಿಕೆ ಆರಂಭವಾದ ದಿನ, ಅಂತ್ಯವೆಂದು ಒಪ್ಪಿದ ಲಕ್ಷಣ. ಇವಿಲ್ಲದ ದಾಖಲೆಯಿಂದ 'ನಿಧಾನ' ಎಂಬ ನಿರ್ಣಯಕ್ಕೆ ಬರಲು ಆಧಾರ ಸಾಲದು.